ಎಡಗೈಯ ತಡ

ಮನುಷ್ಯರ ಕೈಗಳಿಗೆ ಅಂಕ ಕೊಡುವ ಯಂತ್ರ ಬಂದ ಮೇಲೆ ನೀಲಗಂಗಾಳಿಗೆ ಮದುವೆಮನೆಗಳಿಗೆ ಹೋಗುವುದೇ ಬೇಡವಾಗಿತ್ತು. ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸುವಷ್ಟರಲ್ಲಿ ಪಕ್ಕದವರು ಅಂಗೈ ಚಾಚುತ್ತಿದ್ದರು. ಹೆಬ್ಬೆರಳು ಬೆಳಿಗ್ಗೆ ಬಿಗಿ ಹಿಡಿಯುತ್ತದೆ, ಅಂಕ ಕಡಿಮೆ ಬರಬಹುದೇ? ಮಗಳ ಬಲಗೈ ಚೆನ್ನಾಗಿ ಬಂದಿದೆ, ಎಡಗೈ ತುಸು ಹಿಂದೆ, ಗಂಡಿನ ಕಡೆಯವರಿಗೆ ಎರಡನ್ನೂ ಹೇಳಬೇಕೇ? ತಾನು ಜ್ಯೋತಿಷಿಯಲ್ಲ, ಧಾರವಾಡದ ಹಸ್ತಮಾಪನ ಕೇಂದ್ರದಲ್ಲಿ ಅಂಕಿಸಂಖ್ಯೆ ನೋಡುವ ವಿಜ್ಞಾನಿ ಎಂದು ಹೇಳಿ ಹೇಳಿ ಸಾಕಾಗಿ, ಈಗೀಗ ಎಣ್ಣೆ ಹಚ್ಚಿ ತಿಕ್ಕಿರಿ ಎಂದುಬಿಡುತ್ತಿದ್ದಳು. ಜನ ಅದನ್ನು ನಂಬಿ ಸಂತೋಷಪಡುತ್ತಿದ್ದರು. ಅವರ ಸಂತೋಷ ಅವಳಿಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಯಂತ್ರವೇನೋ ಸರಳವೇ. ಮೇಜಿನ ಮೇಲೆ ತೂತುಗಳಿರುವ ಒಂದು ಹಲಗೆ, ಪಕ್ಕದಲ್ಲಿ ಬೆರಳಗಲದ ಲೋಹದ ಕಡ್ಡಿಗಳು. ಕಡ್ಡಿಯನ್ನು ಎತ್ತಬೇಕು, ಬೆರಳುಗಳಲ್ಲೇ ತಿರುಗಿಸಬೇಕು, ತೂತಿಗೆ ಕೂರಿಸಬೇಕು, ಮತ್ತೆ ಕಿತ್ತು ಯಂತ್ರಕ್ಕೆ ಕೊಡಬೇಕು. ಮೊದಲು ಬಲಗೈ, ಆಮೇಲೆ ಎಡಗೈ. ಮೇಲಿನ ಕ್ಯಾಮೆರಾಗಳು ಒಂದೊಂದು ಗೆಣ್ಣಿನ ಚಲನೆಯನ್ನೂ ನೋಡುತ್ತವೆ, ಹಲಗೆಯ ಕೆಳಗಿನ ಸಂವೇದಕಗಳು ಒತ್ತಡ ಅಳೆಯುತ್ತವೆ. ಆರೋಗ್ಯವಂತರಾದ ಸಾವಿರಾರು ಜನರ ಕೈಗಳನ್ನು ಹೀಗೆ ಅಳೆದು, ವಯಸ್ಸು, ಹೆಣ್ಣು-ಗಂಡು, ಬಲಚ-ಎಡಚ ಎಂದು ವಿಂಗಡಿಸಿ ಮಾಡಿದ ಒಂದು ಕೋಷ್ಟಕವಿದೆ. ಹೊಸ ಕೈ ಬಂದರೆ ಅದನ್ನು ಕೋಷ್ಟಕದ ಪಕ್ಕದಲ್ಲಿಟ್ಟು ಯಂತ್ರ ಅಂಕ ಹೇಳುತ್ತದೆ.

ಕಡ್ಡಿ ಕೊಡುವ ಜಾಗದಲ್ಲಿ ಮೊದಲು ಒಂದು ಸ್ಟೀಲಿನ ಬಟ್ಟಲಿತ್ತು. ವಯಸ್ಸಾದವರು ಯಂತ್ರಕ್ಕೆ ಹೆದರುತ್ತಾರೆಂದು ಕೇಂದ್ರದ ನಿರ್ದೇಶಕ ಡಾ. ಕಟಗೇರಿಯವರು ಬಟ್ಟಲು ತೆಗೆಸಿ ರಬ್ಬರಿನ ಅಂಗೈಯೊಂದನ್ನು ಕೂರಿಸಿದರು. ಗೋಧಿ ಬಣ್ಣದ, ಮುಟ್ಟಿದರೆ ತುಸು ಬೆಚ್ಚಗಿರುವ, ಮುಂದಕ್ಕೆ ಚಾಚಿಕೊಂಡ ಅಂಗೈ. ಅದರಲ್ಲಿ ಕಡ್ಡಿ ಇಟ್ಟರೆ ಬೆರಳುಗಳು ಮೆಲ್ಲಗೆ ಮಡಚಿಕೊಳ್ಳುತ್ತಿದ್ದವು. ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ ಕೊನೆಗೆ ಅದೇ ಕೇಂದ್ರದ ಲಾಂಛನವಾಯಿತು. ಕೋಷ್ಟಕದ ಅಷ್ಟೂ ಕೈಗಳನ್ನು ಅಳೆದದ್ದು ಈ ಅಂಗೈಯ ಎದುರಿಗೇ.

ಆಮೇಲೆ ಕಾನೂನು ಬಂತು. ಇನ್ನೊಬ್ಬರ ಜೀವವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವ ಬಸ್ಸಿನ ಡ್ರೈವರು, ಲೈನ್‌ಮನ್ನು, ಸೂಲಗಿತ್ತಿ, ಆಪರೇಷನ್ ಕೋಣೆಯವರು, ಇವರಿಗೆಲ್ಲ ಎರಡೂ ಕೈ ಪಾಸಾಗಬೇಕು, ಪಾಸಿನ ಅಂಕ ಯಾವ ವಯಸ್ಸಿನವರಿಗೂ ಒಂದೇ. ಮೂರು ಅವಕಾಶ. ಕಾನೂನು ಕೇಳದವರೂ ಅಂಕ ಮಾಡಿಸಿಕೊಂಡರು. ಹಜಾಮತಿ ಅಂಗಡಿಗಳ ಬೋರ್ಡಿನ ಮೇಲೆ ಹೆಸರಿನ ಕೆಳಗೆ ಅಂಕ ಬಂತು. ಓಣಿಗೊಂದು ಕೈ ಕ್ಲಾಸು ಶುರುವಾಯಿತು. ಐವತ್ತು ದಾಟಿದ ಹೆಂಗಸರ ಎಡಗೈ ಮೆಟ್ಟಿಲಿಳಿದಂತೆ ಕುಸಿಯುತ್ತದೆ ಎಂದು ಕೋಷ್ಟಕ ಹೇಳಿದ್ದನ್ನು ಪತ್ರಿಕೆಗಳು ವಾರಗಟ್ಟಲೆ ಬರೆದವು.

ಆ ಕೋಷ್ಟಕ ಮಾಡಿದವಳು ನೀಲಗಂಗಾ. ಅದರ ಒಂದೊಂದು ಸಾಲನ್ನೂ ನಂಬಿದ್ದಳು. ಒಂದು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಕಾಡುತ್ತಿತ್ತು. ವಯಸ್ಸಾದ ಎಡಚ ಹೆಂಗಸರಲ್ಲೂ ಎಡಗೈಯೇ ಹಿಂದೆ ಬೀಳುತ್ತಿತ್ತು. ಹುಟ್ಟಿದಾಗಿನಿಂದ ಹೆಚ್ಚಿದ್ದು, ಹೊಲಿದದ್ದು, ಕಡೆದದ್ದು ಯಾವ ಕೈಯಲ್ಲೋ ಅದೇ ಕೈ ಯಂತ್ರದ ಮುಂದೆ ತಡವರಿಸುವುದು ಹೇಗೆ? ಕೇಳಿದಾಗ ಕಟಗೇರಿಯವರು ಅದು ಮೆದುಳಿನ ವೈಚಿತ್ರ್ಯ ಎಂದರು. ಆ ವೈಚಿತ್ರ್ಯದ ಮೇಲೆ ಒಂದು ಪ್ರಬಂಧವನ್ನೂ ಬರೆದರು.

ಈಗ ಆ ವೈಚಿತ್ರ್ಯ ಅವಳ ಮನೆಯೊಳಗೇ ಬಂದು ಕೂತಿತ್ತು.

ಗುರುದೇವಿ ಅವಳ ಗಂಡ ಶಿವಯೋಗಿಯ ಅಕ್ಕ. ಹುಬ್ಬಳ್ಳಿಯ ಒಂದು ಕಣ್ಣಾಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸು. ಮದುವೆಯಾಗದೆ, ತಮ್ಮನ ಮನೆಯಲ್ಲೇ ಇದ್ದು, ವಯಸ್ಸು ಐವತ್ತೈದು ದಾಟುವ ತನಕ ಡಾಕ್ಟರುಗಳ ಕೈಗೆ ಉಪಕರಣಗಳನ್ನು ಕೊಡುತ್ತ ಬಂದವಳು. ಹುಟ್ಟು ಎಡಚಿ. ಕೂದಲಿಗಿಂತ ಸಣ್ಣ ದಾರವಿರುವ ಕಣ್ಣಿನ ಹೊಲಿಗೆಯ ಸೂಜಿಯನ್ನು ಎಡಗೈಯಲ್ಲಿ ಇಕ್ಕಳಕ್ಕೆ ಸಿಕ್ಕಿಸಿ ಬಲಗೈಯಿಂದ ಡಾಕ್ಟರಿಗೆ ದಾಟಿಸುತ್ತಿದ್ದಳು. ಅವಳು ಎರಡು ಸಲ ಎಡಗೈಯಲ್ಲಿ ಫೇಲಾಗಿದ್ದಳು. ಮುಂದಿನ ವಾರ ಕೊನೆಯ ಅವಕಾಶ. ಅದೂ ಹೋದರೆ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದಂತೆಯೇ. ಹಾಸಿಗೆ ಹೊದಿಕೆಗಳ ಉಗ್ರಾಣದಲ್ಲಿ ಕೂರಿಸುತ್ತೇವೆ, ಸಂಬಳ ಅಷ್ಟೇ ಇರುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಸಂಬಳದ ಮಾತು ಕೇಳಿ ಗುರುದೇವಿ ಎದ್ದು ಬಂದಿದ್ದಳಂತೆ. ಆವತ್ತಿನಿಂದ ಮನೆಯಲ್ಲಿ ಅವಳ ಮಾತೇ ಕಡಿಮೆಯಾಗಿತ್ತು.

ಅವಳ ಪಾಲಿನ ಮಾತನ್ನೂ ತಮ್ಮ ಆಡುತ್ತಿದ್ದ. "ನಿನ್ನ ಟೇಬಲ್ಲು ನಿನ್ನ ಮಾತ ಕೇಳೂದಿಲ್ಲೇನು?" ಎಂದು ಶಿವಯೋಗಿ ದಿನಕ್ಕೊಮ್ಮೆ ಕೇಳುತ್ತಿದ್ದ. ತಿದ್ದಿದರೆ ಅದು ಕೋಷ್ಟಕವಾಗಿ ಉಳಿಯುವುದಿಲ್ಲ ಎಂದು ಅವಳು ವಿವರಿಸಿದರೆ, ಹಂಗಾದ್ರ ಅದನ್ನ ದೇವರ ಜಗಲಿ ಮ್ಯಾಲೆ ಇಟ್ಟು ಪೂಜಿ ಮಾಡು ಎಂದು ಪತ್ರಿಕೆ ಬಿಡಿಸಿಕೊಳ್ಳುತ್ತಿದ್ದ. ನೀಲಗಂಗಾಳಿಗೆ ಗಂಡನ ಮೇಲೆ ಬರುವ ಸಿಟ್ಟಿಗಿಂತ ಅತ್ತಿಗೆಯ ಮೌನದ ಮೇಲೆ ಬರುವ ಸಿಟ್ಟೇ ದೊಡ್ಡದಾಗಿತ್ತು. ಆಡಿ ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಭಾನುವಾರ ಅವಳು ಕೇಂದ್ರದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರವನ್ನು, ರಬ್ಬರಿನ ಅಂಗೈ ಬರುವುದಕ್ಕಿಂತ ಮೊದಲಿನದನ್ನು, ಮನೆಗೆ ತಂದು ಊಟದ ಮೇಜಿನ ಮೇಲೆ ಜೋಡಿಸಿದಳು. ಗುರುದೇವಿ ಕೈ ತೊಳೆದು ಬಂದು ಕೂತಳು. ಎಡಗೈ ಕಡ್ಡಿಗಳನ್ನು ಎತ್ತಿತು, ತಿರುಗಿಸಿತು, ಕೂರಿಸಿತು, ಕಿತ್ತು ಬಟ್ಟಲಿಗೆ ಹಾಕಿತು. ಕಾಳು ಆರಿಸುವವರ ಕೈಯಂತೆ ಅದಕ್ಕೆ ಅದರದೇ ಒಂದು ಲಯವಿತ್ತು. ಬಂದ ಅಂಕ ನೋಡಿ ನೀಲಗಂಗಾ ಯಂತ್ರ ಕೆಟ್ಟಿದೆ ಎಂದುಕೊಂಡು ತಾನೇ ಕೂತು ಮಾಡಿದಳು. ಯಂತ್ರ ಸರಿಯಾಗಿಯೇ ಇತ್ತು. ತನ್ನ ಕೈಗಿಂತ ಅತ್ತಿಗೆಯ ಎಡಗೈಯೇ ಮುಂದಿತ್ತು.

ಸಮಾಧಾನವಾಗುವ ಬದಲು ಅವಳಿಗೆ ರೇಗಿಹೋಯಿತು. ಇಲ್ಲಿ ಇಷ್ಟು ಚೆನ್ನಾಗಿ ಮಾಡುವವರು ಅಲ್ಲಿ ಯಾಕೆ ಹಾಗೆ ಮಾಡಿದಿರಿ, ನಿದ್ದೆಗೆಟ್ಟು ಹೋಗಿದ್ದಿರೇ, ಹೆದರಿದಿರೇ ಎಂದು ಕೇಳಿದಳು. ಹೆದರಿಕೆ ಯಾತರದು ಎಂದಳು ಗುರುದೇವಿ. ಹಾಗಾದರೆ ಏನು? ಗುರುದೇವಿ ತನ್ನ ಎಡಗೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡಳು.

"ನನಗೂ ತಿಳೀವಲ್ದು ನೀಲಾ. ಅಲ್ಲಿ ಕೈ ತಾನ ನಿಂದರತೈತಿ."

ಕೈ ತಾನೇ ನಿಲ್ಲುವುದೆಂದರೇನು ಎಂದು ನೀಲಗಂಗಾ ಮೇಜಿನ ಮೇಲಿನ ವೈರುಗಳನ್ನು ಕಿತ್ತು ಚೀಲಕ್ಕೆ ತುರುಕಿದಳು.

ಉತ್ತರ ಸಿಕ್ಕಿದ್ದು ಅದೇ ಮೇಜಿನ ಮೇಲೆ, ಊಟದ ಹೊತ್ತಿಗೆ. ಸಿಟ್ಟಿನಲ್ಲಿ ಇಬ್ಬರೂ ಮಾತಿಲ್ಲದೆ ರೊಟ್ಟಿ ಮುರಿಯುತ್ತಿದ್ದರು. ಉಪ್ಪಿನಕಾಯಿ ಬಾಟಲಿ ಗುರುದೇವಿಯ ಹತ್ತಿರವಿತ್ತು. ನೀಲಗಂಗಾ ಮಾತಾಡಲು ಮನಸ್ಸಿಲ್ಲದೆ ಸುಮ್ಮನೆ ಕೈ ಚಾಚಿದಳು. ಗುರುದೇವಿಯ ಬಲಗೈ ಎಂಜಲಾಗಿತ್ತು. ಎಡಗೈಯಿಂದ ಬಾಟಲಿ ಎತ್ತಿದಳು. ಚಾಚಿದ ಕೈಯ ಹತ್ತಿರ ತಂದಳು. ಅಲ್ಲಿ ನಿಂತಳು. ಒಂದು ಕಣ್ಣರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ಬಾಟಲಿಯನ್ನು ನೀಲಗಂಗಾಳ ಕೈಗೆ ಕೊಡದೆ, ಮೇಜಿನ ಮೇಲಿಟ್ಟು, ಬೆರಳ ತುದಿಯಿಂದ ಅವಳತ್ತ ಸರಿಸಿದಳು.

ನೀಲಗಂಗಾ ಬಾಟಲಿ ಮುಟ್ಟಲಿಲ್ಲ. ಆ ನಿಲುಗಡೆಯನ್ನು ಅವಳು ಮೊದಲೇ ನೋಡಿದ್ದಳು. ಏಳೆಂಟು ವರ್ಷಗಳಿಂದ ಪ್ರತಿದಿನ ನೋಡಿದ್ದಳು, ಪರದೆಯ ಮೇಲೆ. ಏರಿಳಿಯುತ್ತ ಬರುವ ಗೆರೆ ಕೊನೆಯಲ್ಲಿ ಒಮ್ಮೆಲೇ ಚಪ್ಪಟೆಯಾಗಿ, ಉಸಿರು ಕಟ್ಟಿದಂತೆ ನಿಂತು, ಮತ್ತೆ ಏಳುವ ಜಾಗ. ಅದಕ್ಕೆ ಅವರು 'ಕೊನೆಯ ತಡ' ಎಂದು ಹೆಸರಿಟ್ಟಿದ್ದರು. ಮೆದುಳಿನ ಆಜ್ಞೆ ಕೈಗೆ ತಲುಪಲು ವಯಸ್ಸಾದಂತೆ ಹಿಡಿಯುವ ಹೊತ್ತು ಅದೆಂದು ಪಾಠಗಳಲ್ಲಿ ಹೇಳುತ್ತಿದ್ದರು. ಅಂಕದಲ್ಲಿ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ತೂಕ.

ಚಾಚಿದ ಅಂಗೈಗೆ ಎಡಗೈಯಿಂದ ಯಾರಾದರೂ ಏನಾದರೂ ಕೊಡುತ್ತಾರೆಯೇ? ಅಂಗಡಿಯವನಿಗೆ ಕೊಡುವುದಿಲ್ಲ, ಕಂಡಕ್ಟರನಿಗೆ ಕೊಡುವುದಿಲ್ಲ. ಚಿಕ್ಕಂದಿನಲ್ಲಿ ಕೊಟ್ಟರೆ ಮಣಿಕಟ್ಟಿನ ಮೇಲೆ ಏಟು ಬೀಳುತ್ತದೆ. ಈಗಿನ ಹುಡುಗರಿಗೆ ಹಾಗೆ ಹೊಡೆಯುವವರಿಲ್ಲ, ಅವರ ಗೆರೆ ನಿಲ್ಲುವುದಿಲ್ಲ. ಗಂಡಸರಿಗೆ ಏಟು ಕಡಿಮೆ ಬಿದ್ದಿದೆ, ಅವರ ಗೆರೆ ತುಸು ನಿಲ್ಲುತ್ತದೆ. ವಯಸ್ಸಾದ ಹೆಂಗಸರ ಗೆರೆ ಪೂರ್ತಿ ನಿಲ್ಲುತ್ತದೆ. ವಯಸ್ಸು, ಹೆಣ್ಣು-ಗಂಡು, ಬಲಚ-ಎಡಚ ಎಂದು ಅವಳು ಅಷ್ಟು ಅಚ್ಚುಕಟ್ಟಾಗಿ ವಿಂಗಡಿಸಿಟ್ಟಿದ್ದರಲ್ಲಿ ಎಷ್ಟು ಪಾಲು ನರಗಳದ್ದು, ಎಷ್ಟು ಪಾಲು ಏಟುಗಳದ್ದು?

"ಉಪ್ಪಿನಕಾಯಿ ಬ್ಯಾಡೇನು?" ಎಂದಳು ಗುರುದೇವಿ.

ಮರುದಿನ ಕೇಂದ್ರದಲ್ಲಿ ನೀಲಗಂಗಾ ಬಾಗಿಲು ಹಾಕಿಕೊಂಡು ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಓಡಿಸಿದಳು. ಈ ಸಲ ಕಡ್ಡಿಯನ್ನು ಕಿತ್ತ ಕ್ಷಣಕ್ಕೇ ಗೆರೆಯನ್ನು ಕತ್ತರಿಸಿದಳು, ಕೊಡುವ ಭಾಗವನ್ನು ಬಿಟ್ಟಳು. ವಯಸ್ಸು ಪೂರ್ತಿ ಮಾಯವಾಗಲಿಲ್ಲ, ಆಗುವುದೂ ಇಲ್ಲ. ಬೆರಳುಗಳು ನಿಧಾನವಾಗುತ್ತವೆ, ಹಿಡಿತ ಸಡಿಲವಾಗುತ್ತದೆ, ಅದು ನಿಜ. ಆದರೆ ಆ ಇಳಿತ ಈಗ ಬಯಲಿನಂತೆ ಮೆಲ್ಲಗಿತ್ತು. ಐವತ್ತರ ಹೆಂಗಸರ ಮೆಟ್ಟಿಲು ಇರಲೇ ಇಲ್ಲ. ಎಡಚ ಹೆಂಗಸರ ಎಡಗೈ ಇರಬೇಕಾದ ಜಾಗಕ್ಕೆ, ಮುಂದಕ್ಕೆ, ಬಂದು ಕೂತಿತ್ತು.

ಡಾ. ಕಟಗೇರಿಯವರು ಅವಳ ಮಾತನ್ನು ಪೂರ್ತಿ ಕೇಳಿದರು. ಕೇಳುವುದರಲ್ಲಿ ಅವರು ಎಂದೂ ಜಿಪುಣರಲ್ಲ. ಕೇಳಿ, ಕೋಷ್ಟಕ ಈಗ ಕಾನೂನಿನೊಳಗಿದೆ, ಪರಿಷ್ಕರಣೆಗೆ ಇನ್ನೂ ಮೂರು ವರ್ಷವಿದೆ, ಆಗ ಖಂಡಿತ ಒಂದು ಟಿಪ್ಪಣಿ ಸೇರಿಸೋಣ ಎಂದರು. ಅಂಗೈ ತೆಗೆದು ಮತ್ತೆ ಬಟ್ಟಲಿಡೋಣ ಎಂದರೆ ನಕ್ಕರು. ನಾಡಿನ ಪ್ರತಿಯೊಂದು ಗೋಡೆಯ ಮೇಲೂ ಆ ಅಂಗೈಯ ಚಿತ್ರವಿದೆ. ಎಡಗೈಯಿಂದ ಕೊಡುವ ಸಂಕೋಚವೆಲ್ಲ ಹಳೇ ಕಾಲದ್ದು, ಓದಿದವರು ಯಾರು ಅದನ್ನು ನೋಡುತ್ತಾರೆ ಎಂದರು.

ನೀಲಗಂಗಾಳ ಬಲಗೈಯಲ್ಲಿ ಚಹದ ಕಪ್ಪಿತ್ತು. ಹೊಸ ಲೆಕ್ಕವಿದ್ದ ಪೆನ್‌ಡ್ರೈವನ್ನು ಎಡಗೈಯಿಂದ ಅವರತ್ತ ಚಾಚಿದಳು. ಕಟಗೇರಿಯವರ ಕೈ ಅರ್ಧ ಎದ್ದು, ಅಲ್ಲೇ ನಿಂತಿತು. ಅವರ ಕಣ್ಣು ಅವಳ ಎಡಗೈಯ ಮೇಲೆ ಒಂದು ಗಳಿಗೆ ಇದ್ದು ಕಿಟಕಿಯತ್ತ ಹೋಯಿತು. ಅವಳು ಕೈ ಹಿಂದೆಗೆಯಲಿಲ್ಲ.

"ಅಲ್ಲೇ ಟೇಬಲ್ ಮ್ಯಾಲ ಇಡ್ರಿ, ಆಮ್ಯಾಲ ನೋಡ್ತೀನಿ," ಎಂದರು ಕಟಗೇರಿ.

ಆಗಲಾದರೂ ಅವರಿಗೆ ತಿಳಿಯಿತೇ ಎಂದು ಅವಳು ಮುಖ ನೋಡಿದಳು. ತಿಳಿದಿರಲಿಲ್ಲ. ತಿಳಿದೂ ಸುಮ್ಮನಿದ್ದರೆ ಅವರ ಮೇಲೆ ಕೂಗಾಡಬಹುದಿತ್ತು. ಇದಕ್ಕೇನು ಮಾಡುವುದು? ಚಹ ಪೂರ್ತಿ ಕುಡಿಯದೆ ಎದ್ದು ಬಂದಳು.

ಉಳಿದದ್ದು ಒಂದೇ ದಾರಿ. ಕೋಷ್ಟಕ ಬದಲಾಗುವುದಿಲ್ಲ, ಅಂಗೈ ಹೋಗುವುದಿಲ್ಲ, ಹಾಗಿದ್ದರೆ ಗುರುದೇವಿಯ ಕೈಯೇ ಬದಲಾಗಬೇಕು. ಅದು ರಬ್ಬರು, ಅದಕ್ಕೆ ಮಾನ-ಮರ್ಯಾದೆ ಇಲ್ಲ, ಎಡಗೈಯಿಂದ ಕೊಟ್ಟುಬಿಡಿ ಎಂದು ನೀಲಗಂಗಾ ಹೇಳಿದಳು. ಇಷ್ಟೇನಾ ಎಂದು ಗುರುದೇವಿ ಒಪ್ಪಿದಳು. ಇಷ್ಟೇ ಎಂದು ಇಬ್ಬರಿಗೂ ಅನಿಸಿತ್ತು.

ಸಂಜೆ ಕೆಲಸ ಮುಗಿಸಿ ಬಂದ ಮೇಲೆ ಇಬ್ಬರೂ ಎದುರುಬದುರು ಕೂರುತ್ತಿದ್ದರು. ನೀಲಗಂಗಾ ಯಂತ್ರದ ಹಾಗೆ ಅಂಗೈ ಚಾಚುತ್ತಿದ್ದಳು. ಗುರುದೇವಿ ಎಡಗೈಯಿಂದ ಕಡ್ಡಿ ತರುತ್ತಿದ್ದಳು. ಅಂಗೈಯ ಮೇಲೆ ಬಂದ ಕೂಡಲೇ ಕೈ ನಿಲ್ಲುತ್ತಿತ್ತು, ಬಲಗೈ ತಾನಾಗಿ ಎದ್ದು ಎಡಗೈಯ ಮೊಣಕೈಗೆ ಆನಿಸಿಕೊಳ್ಳುತ್ತಿತ್ತು. ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಳ್ಳಿ ಎಂದರೆ ಭುಜ ಬಾಗುತ್ತಿತ್ತು. ಭುಜ ನೇರ ಮಾಡಿದರೆ ಕಣ್ಣು ಮುಚ್ಚುತ್ತಿತ್ತು.

"ನಾ ಸಣ್ಣಾಕಿ ಇದೀನ್ರಿ ಅಕ್ಕಾರ," ಎಂದು ನೀಲಗಂಗಾ ಒಮ್ಮೆ ಸಹನೆ ಕಳೆದುಕೊಂಡಳು. "ನನಗ ಕೊಡಾಕ ಏನ್ ಅಡ್ಡಿ?"

"ಸಣ್ಣಾಕಿ ಆದ್ರೇನವಾ, ಮಂದಿ ಅಲ್ಲೇನು ನೀ?"

ಶಿವಯೋಗಿ ಬಾಗಿಲಲ್ಲಿ ನಿಂತು ನೋಡಿ, ಅಕ್ಕನಿಗೆ ಇಷ್ಟು ವರ್ಷದ ಮೇಲೆ ಅಡ್ಡದಾರಿ ಕಲಿಸುತ್ತಿದ್ದಾರೆ ಎಂದು ನಗೆಯಾಡಿದ. ಇಬ್ಬರೂ ನಗಲಿಲ್ಲ. ಒಂದು ಸಂಜೆ ಗುರುದೇವಿಯ ಮುಖದಲ್ಲಿ ಬೆವರಿತ್ತು. ಆಪರೇಷನ್ ಕೋಣೆಯಲ್ಲಿ ಗಂಟೆಗಟ್ಟಲೆ ನಿಂತರೂ ಬೆವರದ ಹೆಂಗಸು. ಅವಳ ಮಣಿಕಟ್ಟು ತನ್ನ ಅಂಗೈಯ ಮೇಲೆ ಹಿಂಜರಿಯುತ್ತ ತೂಗುವುದನ್ನು ನೋಡುತ್ತ ನೀಲಗಂಗಾಳಿಗೆ ತನ್ನ ಮೇಲೇ ಜಿಗುಪ್ಸೆಯಾಯಿತು. ಒಳ್ಳೆಯ ಕೈಯೊಂದನ್ನು ಕೆಟ್ಟ ಯಂತ್ರಕ್ಕೆ ಒಗ್ಗಿಸುತ್ತಿದ್ದೇನೆ ಎನಿಸಿತು. ಆದರೂ ಅಂಗೈ ಹಿಂದೆಗೆಯಲಿಲ್ಲ. ಮತ್ತೊಮ್ಮೆ ಕೊಡಿ ಅಂದಳು. ಮತ್ತೊಮ್ಮೆ. ವಾರ ಮುಗಿಯುವ ಹೊತ್ತಿಗೆ ಕಡ್ಡಿ ನಿಲ್ಲದೆ ಬಂದು ಬೀಳತೊಡಗಿತು. ಕೊಟ್ಟಾದ ಮೇಲೆ ಗುರುದೇವಿ ಪ್ರತಿಸಲವೂ ಬೇರೆ ಕಡೆ ನೋಡುತ್ತಿದ್ದಳು.

ಪರೀಕ್ಷೆಯ ದಿನ ನೀಲಗಂಗಾ ಗಾಜಿನಾಚೆಯ ನಿಯಂತ್ರಣ ಕೋಣೆಯಲ್ಲಿ ಕೂತಿದ್ದಳು. ಮನೆಯವರ ಪರೀಕ್ಷೆಯನ್ನು ಮನೆಯವರು ನಡೆಸುವ ಹಾಗಿಲ್ಲ. ಯಂತ್ರದ ಮುಂದಿದ್ದವನು ಆಪರೇಟರ್ ದಸ್ತಗೀರ್, ಕೇಂದ್ರ ಶುರುವಾದಾಗಿನಿಂದ ಇದ್ದವನು. ಗುರುದೇವಿ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಬಳೆ ತೆಗೆದಿಟ್ಟು ಕೂತಳು. ಬಲಗೈ ಮುಗಿಯಿತು. ಎಡಗೈ ಶುರುವಾಯಿತು. ಎತ್ತಿತು, ತಿರುಗಿಸಿತು, ಕೂರಿಸಿತು, ಕಿತ್ತಿತು. ರಬ್ಬರಿನ ಅಂಗೈಯ ಮೇಲೆ ಬಂತು. ನೀಲಗಂಗಾ ಪರದೆಯ ಗೆರೆಯನ್ನೇ ನೋಡುತ್ತಿದ್ದಳು. ಗೆರೆ ಚಪ್ಪಟೆಯಾಗಲಿಲ್ಲ. ಒಂದು ಕಡ್ಡಿಯಲ್ಲೂ ಆಗಲಿಲ್ಲ. ಕೊನೆಯ ಕಡ್ಡಿ ಬಿದ್ದಾಗ ಪರದೆ ಹಸಿರಾಯಿತು, ಅಂಕ ಮೂಡಿತು. ಎಡಗೈ ಪಾಸು.

ಏಳಬೇಕಿದ್ದ ಗುರುದೇವಿ ಏಳಲಿಲ್ಲ. ಚಾಚಿಕೊಂಡೇ ಇದ್ದ ಆ ಅಂಗೈಯನ್ನು ನೋಡುತ್ತ ಕೂತಳು. ಆಮೇಲೆ ಬಲಗೈ ಮುಂದೆ ಮಾಡಿ ರಬ್ಬರಿನ ಬೆರಳುಗಳನ್ನು ಮೆಲ್ಲಗೆ ಮುಟ್ಟಿ, ಮುಟ್ಟಿದ ತನ್ನ ಕೈಯನ್ನು ಎರಡೂ ಕಣ್ಣುಗಳಿಗೆ ಒತ್ತಿಕೊಂಡಳು.

ಯಂತ್ರ ಕರ್ಕಶವಾಗಿ ಗಂಟೆ ಬಾರಿಸಿತು. ಹಸಿರು ಹೋಗಿ ಕೆಂಪು ಬಂತು. ಅನಗತ್ಯ ಸ್ಪರ್ಶ. ಪರೀಕ್ಷೆ ಅಸಿಂಧು. ಕಾರಣ ನಮೂದಿಸಿ.

"ತಪ್ಪಾತೇನು?" ಎಂದು ಮೈಕಿನಲ್ಲಿ ಗುರುದೇವಿಯ ದನಿ ಕೇಳಿತು. "ಅಷ್ಟೂ ಎಡಗೈಲೇ ಕೊಟ್ಟೆ. ಅದಕ್ಕ ಒಂದ್ ಸಲ..."

ನೀಲಗಂಗಾ ಎರಡೂ ಕೈಗಳಿಂದ ತಲೆ ಹಿಡಿದುಕೊಂಡಳು. ನಗಬೇಕೋ, ಗಾಜು ಒಡೆಯಬೇಕೋ ತಿಳಿಯಲಿಲ್ಲ. ರಬ್ಬರಿಗೆ ಅವಮಾನವಾಯಿತೆಂದು ಕ್ಷಮೆ ಕೇಳುವ ಈ ಹೆಂಗಸಿಗೆ ಏನು ಹೇಳುವುದು? ವಾರವಿಡೀ ಬೆವರಿಳಿಸಿ ಕಲಿತದ್ದನ್ನು ಒಂದು ಸ್ಪರ್ಶದಲ್ಲಿ ಕಳೆದುಕೊಂಡಳಲ್ಲ.

ದಸ್ತಗೀರ್ ಬಾಗಿಲು ತೆರೆದು ನಿಯಂತ್ರಣ ಕೋಣೆಯೊಳಗೆ ಬಂದ. ಯಂತ್ರ ಕಾರಣ ಕೇಳುತ್ತಿದೆ, ಗೊಂದಲ ಎಂದು ಹಾಕಲೇ ಎಂದು ಕೇಳಿದ. ಗೊಂದಲ ಎಂದು ಹಾಕಿದರೆ ಫೇಲು ಎಂದು ಅವನಿಗೂ ಗೊತ್ತಿತ್ತು, ದನಿ ತಗ್ಗಿಸಿಯೇ ಕೇಳಿದ.

"ಗೊಂದಲ ಯಾಕ?"

"ನಾವು ಯಾವಾಗ್ಲೂ ಅದನ್ನ ಹಾಕೂದ್ರಿ ಮೇಡಂ. ವಯಸ್ಸಾದಾವ್ರು ಭಾಳ ಮಂದಿ ಹಿಂಗ ಮುಟ್ಟಿ ಕಣ್ಣಿಗೆ ಒತ್ಕೋತಾರ. ಹೆಣ್ಮಕ್ಕಳಂತೂ ಕೇಳಬ್ಯಾಡ್ರಿ."

ನೀಲಗಂಗಾ ಅವನನ್ನು ನೋಡಿದಳು. ಕೋಷ್ಟಕದಲ್ಲಿ ಒಂದು ಕಾಲಂ ಇತ್ತು, ವಯಸ್ಸಿನೊಂದಿಗೆ ಹೆಚ್ಚುವ ಗೊಂದಲ. ಅದರ ಮೇಲೂ ಅವಳು ಭಾಷಣ ಮಾಡಿದ್ದಳು.

ಅವಳು ದಸ್ತಗೀರನನ್ನು ತಡೆದು ತನ್ನ ಪರದೆಯತ್ತ ತಿರುಗಿದಳು. ಕಾರಣಗಳು ಸಾಲಾಗಿದ್ದವು: ನಡುಕ, ನೋವು, ಗೊಂದಲ, ಮದ್ಯಪಾನ. ಕಟ್ಟಕಡೆಗೆ, ಯಾರೂ ಮುಟ್ಟದೆ ಮಾಸಿದಂತಿದ್ದ ಒಂದು ಸಾಲು: ಯಂತ್ರದ ದೋಷ. ಅದನ್ನು ಒತ್ತಿದಳು. ಯಂತ್ರ ಮತ್ತೆ ಕೇಳಿತು, ದೋಷ ಈ ಒಂದು ಯಂತ್ರದ್ದೋ, ವಿನ್ಯಾಸದ್ದೋ? ವಿನ್ಯಾಸದ್ದು ಎಂದು ಹೇಳುವ ಅಧಿಕಾರ ಇಬ್ಬರಿಗೆ ಮಾತ್ರ ಇತ್ತು. ಒಬ್ಬರು ಕಟಗೇರಿಯವರು, ಇನ್ನೊಬ್ಬಳು ಕೋಷ್ಟಕ ಮಾಡಿದವಳು. ಹಾಗೆ ಹೇಳಿದರೆ ನಾಡಿನ ಎಲ್ಲ ಯಂತ್ರಗಳೂ ತನಿಖೆ ಮುಗಿಯುವ ತನಕ ನಿಲ್ಲುತ್ತವೆ, ಅಲ್ಲಿಯ ತನಕ ಎಲ್ಲರ ಹಳೆಯ ಪರವಾನಗಿಯೂ ನಡೆಯುತ್ತದೆ. ಹೇಳಿದವರ ನೌಕರಿ ನಡೆಯುತ್ತದೆಯೇ ಎಂಬುದನ್ನು ನಿಯಮದಲ್ಲಿ ಬರೆದಿರಲಿಲ್ಲ.

ಗಾಜಿನಾಚೆ ಗುರುದೇವಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಶಾಲೆಯಲ್ಲಿ ಬೈಸಿಕೊಂಡ ಹುಡುಗಿಯ ಹಾಗೆ ಕೂತಿದ್ದಳು. ನೀಲಗಂಗಾ 'ವಿನ್ಯಾಸದ್ದು' ಎಂಬುದನ್ನು ಒತ್ತಿ, ತನ್ನ ಹೆಬ್ಬೆರಳಿನ ಗುರುತು ಕೊಟ್ಟಳು.

ಸಾಲು ಕೋಣೆಗಳಲ್ಲಿ ದೀಪಗಳು ಆರುತ್ತ ಹೋದವು. ಹೊರಗೆ ಪಾಳಿ ಹಚ್ಚಿ ಸಾಲಾಗಿ ನಿಂತಿದ್ದವರ ಗೊಣಗಾಟ ಶುರುವಾಯಿತು. ನೀಲಗಂಗಾ ಮೈಕು ಹತ್ತಿರ ಎಳೆದುಕೊಂಡಳು.

"ಅಕ್ಕಾರ, ಏಳ್ರಿ. ನಾಳೆ ಡ್ಯೂಟಿಗೆ ಹೋಗ್ರಿ."

"ಅಂದ್ರ, ಪಾಸಾದ್ನೇನು?"

"ಮನ್ಯಾಗ ಹೇಳ್ತೀನಿ."

ಅಷ್ಟರಲ್ಲಿ ಪಡಸಾಲೆಯ ಕೊನೆಯಿಂದ ಡಾ. ಕಟಗೇರಿಯವರು ಅವಸರವಾಗಿ ಬರುತ್ತಿರುವುದು ಕಾಣಿಸಿತು. ಅವರು ಬಂದಾಗಲೆಲ್ಲ ಕೋಣೆಯಲ್ಲಿದ್ದವರು ಎದ್ದು ನಿಲ್ಲುವುದು ವಾಡಿಕೆ. ದಸ್ತಗೀರ್ ಗೋಡೆಗೆ ಸರಿದು ನೆಟ್ಟಗಾದ. ನೀಲಗಂಗಾಳ ಮೊಣಕಾಲುಗಳೂ ತಾವಾಗಿ ನೇರವಾಗಹೊರಟವು. ಅವಳು ಎರಡೂ ಅಂಗೈಗಳನ್ನು ಅವುಗಳ ಮೇಲೆ ಬಲವಾಗಿ ಒತ್ತಿಟ್ಟುಕೊಂಡು ಕೂತೇ ಇದ್ದಳು.